ಪವರ್ ಟಿಲ್ಲರಿನ ಬಲ ಹೆಚ್ಚಿಸುವ ಮುನ್ನ ಯೋಚಿಸಿರಿ



ನಮ್ಮ ಮೆಣಸೆಯ ಕಡೆ ಪವರ್ ಟಿಲ್ಲರ್ ಗದ್ದೆ ಉಳುವುದಷ್ಟೇ ಅಲ್ಲ, ಟ್ರೈಲರ್ ಕಟ್ಟಿಕೊಂಡು ಗೊಬ್ಬರ, ಸೊಪ್ಪು, ಅಡಿಕೆಗೊನೆಗಳನ್ನೂ ಸಾಗಿಸುತ್ತದೆ. ದಾರಿ ಏರು, ಹೇರು ಭಾರ. ಇಂಜಿನ್ ಏದುಸಿರು ಬಿಟ್ಟಾಗ ಕೆಲವರು ಗವರ್ನರಿನ ತಿರುಪು ತಿರುಗಿಸುತ್ತಾರೆ. ಕೆಲವರು ಪಂಪಿನಿಂದ ಡೀಸೆಲ್ ಹೆಚ್ಚು ಬರುವಂತೆ ಮಾಡಿಸುತ್ತಾರೆ. ಮತ್ತೆ ಕೆಲವರು ಏರ್ ಕ್ಲೀನರನ್ನೇ ತೆಗೆದಿಡುತ್ತಾರೆ. ಇವುಗಳಿಂದ ಏನಾಗುತ್ತದೆಂದು ಒಂದೊಂದಾಗಿ ನೋಡೋಣ.

1. ವೇಗ: ಕವಣೆಯಲ್ಲಿ ಕಲ್ಲಿಟ್ಟು ಬೀಸಿದಾಗ ವೇಗ ಹೆಚ್ಚಿದಂತೆ ಕೈಯನ್ನು ಜಗ್ಗುತ್ತದಲ್ಲವೇ? ಪಿಸ್ಟನ್ನೂ ಕನೆಕ್ಟಿಂಗ್ ರಾಡನ್ನು ಹಾಗೆಯೇ ಜಗ್ಗುತ್ತದೆ. ನಿಮಿಷಕ್ಕೆ 2000 ಸುತ್ತಿನ ಇಂಜಿನನ್ನು 2400ಕ್ಕೆ ಏರಿಸಿದರೆ ವೇಗ ಹೆಚ್ಚುವುದು ನೂರಕ್ಕೆ 20, ಜಗ್ಗು ಹೆಚ್ಚುವುದು ನೂರಕ್ಕೆ 44. ಬೇರಿಂಗುಗಳು ಬೇಗ ಸವೆಯುತ್ತವೆ. ಇಷ್ಟಾಗಿಯೂ ಏರಿನಲ್ಲಿ ಲಾಭ ಅಲ್ಪ. ಇಂಜಿನ್ ದಣಿದಾಗ ಗವರ್ನರ್ ತಾನಾಗಿಯೇ ಪೂರ್ತಿ ಡೀಸೆಲ್ ಕೊಡುತ್ತಿರುತ್ತದೆ.

2. ಡೀಸೆಲ್: ಒಳಬರುವ ಗಾಳಿ ಎಷ್ಟೋ ಅಷ್ಟೇ ಡೀಸೆಲ್ ಉರಿಯಬಲ್ಲದು. ಮಿಕ್ಕದ್ದು ಕಪ್ಪು ಹೊಗೆಯಾಗಿ ಹೋಗುತ್ತದೆ, ಮಸಿಯಾಗಿ ಕೂರುತ್ತದೆ, ಸಿಲಿಂಡರಿನ ಗೋಡೆಯ ಇಂಜಿನ್ ಆಯಿಲನ್ನು ತೊಳೆಯುತ್ತದೆ. ಡೀಸೆಲಿನ ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಕೆಲಸಕ್ಕೆ ಒದಗುತ್ತದೆ. ಉಳಿದದ್ದು ಬಹುತೇಕ ಶಾಖ. ಆದುದರಿಂದ ಡೀಸೆಲ್ ಹೆಚ್ಚಿಸಿದರೆ ಬಲಕ್ಕಿಂತ ಶಾಖವೇ ಹೆಚ್ಚುತ್ತದೆ. ರೇಡಿಯೇಟರ್ ಮಾತ್ರ ಹಳೆಯ ಅಳತೆಯದೇ. ಆಯಿಲ್ ತೆಳ್ಳಗಾಗಿ, ಪಿಸ್ಟನ್ ಹಿಗ್ಗಿ ಕಚ್ಚಿಕೊಳ್ಳಬಹುದು.

3. ಧೂಳು: ಏರ್ ಕ್ಲೀನರಿಲ್ಲದ ಇಂಜಿನ್ ಬೇಸಿಗೆಯ ಮಣ್ಣುದಾರಿಯ ಧೂಳನ್ನು ಹಾಗೇ ಎಳೆದುಕೊಳ್ಳುತ್ತದೆ. ಆ ಧೂಳು ಆಯಿಲಿನೊಡನೆ ಸೇರಿ ರಿಂಗು, ಲೈನರುಗಳನ್ನು ಸಾಣೆಕಲ್ಲಿನಂತೆ ತೇಯುತ್ತದೆ.

ಕಾರ್ಖಾನೆಯವರೂ ಇಂಜಿನಿನ ಬಲ ಹೆಚ್ಚಿಸುವುದುಂಟು. ಆದರೆ ಆಗ ಪಿಸ್ಟನ್, ಬೇರಿಂಗ್, ತಂಪುಮಾಡುವ ಏರ್ಪಾಡು ಎಲ್ಲವನ್ನೂ ಅದಕ್ಕೆ ಹೊಂದಿಸುತ್ತಾರೆ. ನಾವು ಒಂದು ತಿರುಪನ್ನು ಮಾತ್ರ ತಿರುಗಿಸಿದರೆ ಉಳಿದ ಭಾಗಗಳು ತಾಳಲಾರವು.

ಹಾಗಾದರೆ ಮಾಡಬೇಕಾದುದೇನು?

ಏರು ಹತ್ತುವ ಮೊದಲೇ ಕೆಳಗಿನ ಗೇರಿಗೆ ಹಾಕಿರಿ. ಭಾರವನ್ನು ಎರಡು ಸಲವಾಗಿ ಹೇರಿರಿ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಕೂಡದು. ಅದು ಇಂಜಿನಿಗಲ್ಲ, ನಿಮ್ಮ ಪ್ರಾಣಕ್ಕೇ ಅಪಾಯ. ದಿನವೂ ನೀರು, ಆಯಿಲ್ ನೋಡಿರಿ. ಧೂಳಿನ ದಿನಗಳಲ್ಲಿ ಏರ್ ಕ್ಲೀನರನ್ನು ಆಗಾಗ ಶುಚಿಮಾಡಿರಿ. ಬಲ ಕುಂದಿದ್ದರೆ ನಾಜಲ್, ಫಿಲ್ಟರ್, ರಿಂಗುಗಳನ್ನು ಪರೀಕ್ಷೆ ಮಾಡಿಸಿರಿ. ಹಲವು ವೇಳೆ ಕಳೆದುಹೋದ ಬಲ ಅಲ್ಲಿಯೇ ಸಿಗುತ್ತದೆ. ಇಂಜಿನ್ ಕುದಿದರೆ ಕೂಡಲೇ ಮುಚ್ಚಳ ತೆಗೆಯಬೇಡಿ, ತಣ್ಣೀರು ಸುರಿಯಬೇಡಿ: ಬಿಸಿನೀರು ಮೈಮೇಲೆ ಎರಚೀತು, ಕಾದ ಲೋಹ ಬಿರಿದೀತು. ತಾನಾಗಿ ಆರಲು ಬಿಡಿ.

ಕೊಯ್ಲಿನ ನಡುವೆ ಟಿಲ್ಲರ್ ನಿಂತರೆ ಗೊನೆ ತೋಟದಲ್ಲೇ ಉಳಿಯುತ್ತದೆ. ಎತ್ತಿನ ಶಕ್ತಿ ನೋಡಿ ಹೇರು ಹೇರುತ್ತಿದ್ದ ನಮ್ಮ ಹಿರಿಯರ ವಿವೇಕ ಯಂತ್ರಕ್ಕೂ ಸಲ್ಲುತ್ತದೆ.