ಹಟ ಹಿಡಿದ ಡೀಸೆಲ್ ಎಂಜಿನ್: ದೋಷ ಹುಡುಕುವ ಕ್ರಮ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೊಳವೆ ಬಾವಿಗಳು ಬಂದ ಮೇಲೆ ಇಲ್ಲಿ ಡೀಸೆಲ್ ಎಂಜಿನ್ನು ಮೂಲೆ ಸೇರಿತ್ತು. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ಕೃಷಿ ಹೊಂಡಗಳು ಹೆಚ್ಚಿ, ಅದಕ್ಕೆ ಮತ್ತೆ ಕೆಲಸ ಬಂದಿತು. ರಾಗಿ ತೆನೆ ಹೊರಡುವಾಗ ಮಳೆ ಕೈಕೊಟ್ಟರೆ ಹೊಂಡದ ನೀರನ್ನು ಒಂದು ಸಲ ಹಾಯಿಸಿ ಬೆಳೆ ಉಳಿಸಿಕೊಳ್ಳಬಹುದು. ಆದರೆ ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಹಳೆಯ ಎಂಜಿನ್ನು ಅಂದೇ ಹಟ ಹಿಡಿಯುತ್ತದೆ. ಮೆಕ್ಯಾನಿಕ್ ಬರುವವರೆಗೆ ಬೆಳೆ ಕಾಯುವುದಿಲ್ಲ. ಕ್ರಮವಾಗಿ ಪರೀಕ್ಷಿಸಿದರೆ ಅನೇಕ ದೋಷಗಳನ್ನು ರೈತರೇ ಸರಿಪಡಿಸಬಹುದು.

ಎಂಜಿನ್ನಿಗೆ ಬೇಕಾದ್ದೇನು?

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಪಿಸ್ಟನ್ ಗಾಳಿಯನ್ನು ಬಲವಾಗಿ ಅದುಮಿದಾಗ ಅದು 500 ಡಿಗ್ರಿ ಸೆಂಟಿಗ್ರೇಡಿಗೂ ಮಿಕ್ಕಿ ಕಾಯುತ್ತದೆ. ನಾಜಲ್ ಸಿಂಪಡಿಸಿದ ಡೀಸೆಲ್ ಈ ಕಾದ ಗಾಳಿಯಲ್ಲಿ ತಾನೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಮೂರೇ: ಡೀಸೆಲ್ ತಲುಪುತ್ತಿದೆಯೇ? ಗಾಳಿ ಬರುತ್ತಿದೆಯೇ? ಕಂಪ್ರೆಷನ್ ಸಿಗುತ್ತಿದೆಯೇ?

ಪರೀಕ್ಷಿಸುವ ಕ್ರಮ

1. ಮೊದಲು ಆಯಿಲ್ ಮಟ್ಟ ನೋಡಿ. ಡಿಕಂಪ್ರೆಷನ್ ಲಿವರ್ ಎತ್ತಿ ಹ್ಯಾಂಡಲ್ ತಿರುಗಿಸಿ. ಆಗಲೂ ಬಿಗಿಯಾಗಿದ್ದರೆ ಪಂಪಿನೊಳಗೆ ಕೆಸರು ಗಟ್ಟಿಯಾಗಿರಬಹುದು. ಬಲವಂತ ಮಾಡದೆ ಪಂಪನ್ನು ಬಿಚ್ಚಿ ತೊಳೆಯಿರಿ.

2. ಸ್ಟಾಪ್ ಲಿವರ್ ಓಡುವ ಸ್ಥಾನಕ್ಕೆ ಬಂದಿದೆಯೇ ನೋಡಿ. ಬಹುದಿನ ನಿಂತ ಎಂಜಿನ್ನಿನಲ್ಲಿ ಅದು ನಿಲ್ಲಿಸಿದ ಜಾಗದಲ್ಲೇ ಅಂಟಿಕೊಂಡಿರುವುದುಂಟು.

3. ಹ್ಯಾಂಡಲ್ ತಿರುಗಿಸುವಾಗ ಸೈಲೆನ್ಸರ್ ಕಡೆ ಕಣ್ಣಿಡಿ. ಹೊಗೆಯೇ ಬಾರದಿದ್ದರೆ ಡೀಸೆಲ್ ತಲುಪುತ್ತಿಲ್ಲ. ಬಿಳಿ ಹೊಗೆ ಬಂದು ಎಂಜಿನ್ ಹಿಡಿಯದಿದ್ದರೆ ಡೀಸೆಲ್ ಬರುತ್ತಿದೆ, ಉರಿಯುತ್ತಿಲ್ಲ. ಮೊದಲನೆಯದಕ್ಕೆ 4 ಮತ್ತು 5ನೇ ಅಂಶ, ಎರಡನೆಯದಕ್ಕೆ 6 ಮತ್ತು 7ನೇ ಅಂಶ ನೋಡಿ.

4. ಟ್ಯಾಂಕಿನ ಮುಚ್ಚಳದ ಸಣ್ಣ ತೂತು ಕಟ್ಟಿದ್ದರೆ ಡೀಸೆಲ್ ಇಳಿಯುವುದಿಲ್ಲ. ಅದನ್ನು ಬಿಡಿಸಿ. ಫಿಲ್ಟರಿನ ತಳದಲ್ಲಿ ಸೇರಿದ ನೀರು, ಕಸವನ್ನು ಹೊರಬಿಡಿ.

5. ಡೀಸೆಲ್ ದಾರಿಯಲ್ಲಿ ಏರ್ ಹಿಡಿದಿದ್ದರೆ ತೆಗೆಯಬೇಕು. ಫಿಲ್ಟರಿನ ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಕಾದು ಬಿಗಿಮಾಡಿ. ಪಂಪಿನ ಸ್ಕ್ರೂನಲ್ಲಿಯೂ ಹಾಗೆಯೇ ಮಾಡಿ. ಬಳಿಕ ನಾಜಲ್ ಬಳಿಯ ಪೈಪಿನ ನಟ್ಟನ್ನು ಸ್ವಲ್ಪ ಸಡಿಲಿಸಿ, ಡಿಕಂಪ್ರೆಷನ್ ಲಿವರ್ ಎತ್ತಿ, ಹ್ಯಾಂಡಲ್ ತಿರುಗಿಸಿ. ಗುಳ್ಳೆಯಿಲ್ಲದ ಡೀಸೆಲ್ ಬಂದಾಗ ಬಿಗಿಮಾಡಿ. ಮತ್ತೆ ತಿರುಗಿಸಿದಾಗ ನಾಜಲ್ ಕಿರ್ ಎಂದು ಸದ್ದು ಮಾಡಬೇಕು. ಸದ್ದಿಲ್ಲದಿದ್ದರೆ ನಾಜಲ್ ಅಥವಾ ಡೀಸೆಲ್ ಪಂಪಿನ ದೋಷ. ಅದು ಮೆಕ್ಯಾನಿಕ್‌ನ ಕೆಲಸ.

6. ಏರ್ ಕ್ಲೀನರ್ ಬಿಚ್ಚಿ ನೋಡಿ. ಧೂಳು ತುಂಬಿದ್ದರೆ, ಇಲಿ ಗೂಡು ಕಟ್ಟಿದ್ದರೆ ಶುಚಿಮಾಡಿ. ಸೈಲೆನ್ಸರನ್ನೂ ನೋಡಿ, ಅದರಲ್ಲಿ ಕಣಜ ಗೂಡು ಕಟ್ಟಿರುವುದುಂಟು.

7. ಡಿಕಂಪ್ರೆಷನ್ ಲಿವರ್ ಇಳಿಸಿ ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಿ. ಒಂದು ಕಡೆ ಬಲವಾಗಿ ತಡೆಯಬೇಕು. ಸಲೀಸಾಗಿ ತಿರುಗಿದರೆ ಕಂಪ್ರೆಷನ್ ಸೋರುತ್ತಿದೆ. ಸೋರುವ ಸದ್ದನ್ನು ಕಿವಿಗೊಟ್ಟು ಕೇಳಿ: ಏರ್ ಕ್ಲೀನರಿನಲ್ಲಾದರೆ ಒಳ ವಾಲ್ವ್, ಸೈಲೆನ್ಸರಿನಲ್ಲಾದರೆ ಹೊರ ವಾಲ್ವ್, ಆಯಿಲ್ ಹಾಕುವ ಬಾಯಲ್ಲಾದರೆ ಪಿಸ್ಟನ್ ರಿಂಗು. ಹೆಡ್ಡಿನ ಸುತ್ತ ಸಾಬೂನು ನೀರು ಹಚ್ಚಿದಾಗ ಗುಳ್ಳೆ ಬಂದರೆ ಗ್ಯಾಸ್ಕೆಟ್. ಇವು ಮನೆಯಲ್ಲಿ ಸರಿಯಾಗುವಂಥವಲ್ಲ. ಆದರೆ ದೋಷ ಎಲ್ಲಿದೆಯೆಂದು ತಿಳಿಸಿದರೆ ಮೆಕ್ಯಾನಿಕ್ ಬೇಕಾದ ಬಿಡಿಭಾಗದೊಂದಿಗೇ ಬರುತ್ತಾನೆ. ಚಳಿಗಾಲದ ಮುಂಜಾನೆ ನೀರಿನಿಂದ ತಂಪಾಗುವ ಎಂಜಿನ್ನಿಗೆ ಬೆಚ್ಚಗಿನ ನೀರು ಹುಯ್ದರೆ ಬೇಗ ಹಿಡಿಯುತ್ತದೆ.

ಮಾಡಬಾರದ ಕೆಲಸಗಳು

ಗಾಳಿ ಬರುವ ದಾರಿಯಲ್ಲಿ ಪೆಟ್ರೋಲ್ ಹುಯ್ಯಬಾರದು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಲಿ. ಎಂಜಿನ್ ತಿರುಗಿ ಒದ್ದರೆ ಮಣಿಕಟ್ಟು ಮುರಿಯುತ್ತದೆ. ನಾಜಲ್ ಚಿಮ್ಮುವ ಕಡೆ ಕೈ ಒಡ್ಡಬಾರದು. ಆ ಡೀಸೆಲ್ ಚರ್ಮವನ್ನೇ ತೂರಿ ಒಳಸೇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬಾವಿಯೊಳಗೆ ಅಥವಾ ಬಾಗಿಲು ಹಾಕಿದ ಕೋಣೆಯಲ್ಲಿ ಎಂಜಿನ್ ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ತಿಳಿಯದಂತೆ ಪ್ರಾಣ ತೆಗೆಯುತ್ತದೆ. ಬಾವಿಯಲ್ಲಿ ಒಬ್ಬರು ಬಿದ್ದರೆಂದು ಮತ್ತೊಬ್ಬರು ಧಾವಿಸಿ ಇಳಿಯಲೂಬಾರದು. ಕೂಡಲೇ ಅಗ್ನಿಶಾಮಕ ದಳಕ್ಕೆ ತಿಳಿಸಬೇಕು.

ಬೆಂಕಿ ಬಿದ್ದಾಗ ಬಾವಿ ತೋಡಿದಂತೆ, ಬೆಳೆ ಬಾಡಿದ ದಿನ ಎಂಜಿನ್ ಬಿಚ್ಚಿ ಕೂರುವುದು ತರವಲ್ಲ. ತಿಂಗಳಿಗೊಮ್ಮೆ ಹತ್ತು ನಿಮಿಷ ಓಡಿಸಿ. ಟ್ಯಾಂಕಿನಲ್ಲಿ ನೀರು ಕೂಡದಂತೆ ಅದನ್ನು ತುಂಬಿಡಿ. ಬಿತ್ತನೆಗೆ ಮೊದಲು ಫಿಲ್ಟರ್, ಆಯಿಲ್ ಬದಲಾಯಿಸಿ. ಹೀಗೆ ನೋಡಿಕೊಂಡರೆ ಮಳೆ ತಪ್ಪಿದ ದಿನ ಎಂಜಿನ್ನು ಕೈಬಿಡುವ ಸಂಭವ ಕಡಿಮೆ.