ಮಧುಮೇಹಿಯ ನಿದ್ರೆ

ಮಧುಮೇಹವುಳ್ಳವರು ವೈದ್ಯರಲ್ಲಿಗೆ ಹೋದಾಗ ಊಟದ ಲೆಕ್ಕವನ್ನೂ ನಡಿಗೆಯ ಲೆಕ್ಕವನ್ನೂ ತಪ್ಪದೆ ಒಪ್ಪಿಸುತ್ತಾರೆ; ನಿದ್ರೆಯ ಲೆಕ್ಕವನ್ನು ಒಪ್ಪಿಸುವವರು ವಿರಳ. ವಯಸ್ಸಾದಂತೆ ನಿದ್ದೆ ಕಡಮೆಯಾಗುವುದು ಸಹಜವೆಂದು ಸುಮ್ಮನಾಗುವವರೇ ಬಹಳ. ಆದರೆ ಈ ರೋಗಕ್ಕೂ ನಿದ್ರೆಗೂ ಇರುವ ಸಂಬಂಧ ಒಮ್ಮುಖವಾದುದಲ್ಲ. ರೋಗವು ನಿದ್ರೆಯನ್ನು ಕೆಡಿಸುತ್ತದೆ. ಕೆಟ್ಟ ನಿದ್ರೆಯು ರೋಗಕ್ಕೆ ಬಲ ಕೊಡುತ್ತದೆ.

ಮೂತ್ರಪಿಂಡಗಳು ರಕ್ತವನ್ನು ಸೋಸುವಾಗ ಅದರಲ್ಲಿನ ಗ್ಲೂಕೋಸನ್ನು ಮರಳಿ ಹೀರಿಕೊಳ್ಳುತ್ತವೆ. ಈ ಶಕ್ತಿಗೆ ಒಂದು ಮಿತಿಯುಂಟು. 100 ಮಿಲಿಲೀಟರ್ ರಕ್ತದಲ್ಲಿ ಗ್ಲೂಕೋಸಿನ ಪ್ರಮಾಣ ಸುಮಾರು 180 ಮಿಲಿಗ್ರಾಮನ್ನು ಮೀರಿತೆಂದರೆ ಹೆಚ್ಚಿನದು ಮೂತ್ರದಲ್ಲಿಯೇ ಉಳಿಯುತ್ತದೆ. ಹಾಗೆ ಉಳಿದ ಸಕ್ಕರೆ ಒಂಟಿಯಾಗಿ ಹೋಗುವುದಿಲ್ಲ. ಉಪ್ಪು ಬೆರಸಿಟ್ಟ ಮಾವಿನಕಾಯಿಯ ಹೋಳುಗಳು ನೀರು ಬಿಡುವುದನ್ನು ವಾಚಕರು ಅಡಿಗೆಯ ಮನೆಯಲ್ಲಿ ಕಂಡಿರಬಹುದು. ದ್ರಾವಣವು ಸಾಂದ್ರವಾಗಿರುವ ಕಡೆಗೆ ನೀರು ಸರಿಯುವ ಈ ಕ್ರಿಯೆಗೆ ಅಭಿಸರಣೆಯೆಂದು ಹೆಸರು. ಭೌತವಿಜ್ಞಾನದ ಪಾಠ ಹೇಳುವವನಿಗೆ ಇದಕ್ಕಿಂತ ಅಗ್ಗದ ಪ್ರಯೋಗ ಸಿಕ್ಕದು! ಮೂತ್ರಪಿಂಡದ ಸೂಕ್ಷ್ಮ ನಳಿಕೆಗಳಲ್ಲಿರುವ ಸಕ್ಕರೆಯೂ ಇದೇ ಬಲದಿಂದ ನೀರನ್ನು ತನ್ನೊಡನೆ ಹಿಡಿದಿಟ್ಟುಕೊಂಡು ಸಾಗುತ್ತದೆ. ಆದ್ದರಿಂದಲೇ ರೋಗಿಯು ರಾತ್ರಿ ಮತ್ತೆ ಮತ್ತೆ ಏಳಬೇಕಾಗುತ್ತದೆ. ಇದಕ್ಕೆ ಅಂಜಿ ನೀರನ್ನೇ ಬಿಡುವವರುಂಟು. ಅದು ತಪ್ಪು, ಇಲ್ಲಿ ಬಾಯಾರಿಕೆಯು ಕಾರಣವಲ್ಲ, ಕಾರ್ಯ.

ಕೆಲವರಿಗೆ ನರಗಳು ಘಾಸಿಗೊಂಡು ಅಂಗಾಲು ಉರಿಯುತ್ತದೆ. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆಗಳನ್ನು ತೆಗೆದುಕೊಳ್ಳುವವರಲ್ಲಿ ಸಕ್ಕರೆಯು ನಡುರಾತ್ರಿಯಲ್ಲಿ ತೀರ ಇಳಿದು, ಬೆವರು, ದುಃಸ್ವಪ್ನಗಳು ಕಾಣಿಸಿಕೊಳ್ಳಬಹುದು.

ಇನ್ನು ನಿದ್ರೆಯು ರೋಗದ ಮೇಲೆ ಬೀರುವ ಪ್ರಭಾವ. ಷಿಕಾಗೊ ವಿಶ್ವವಿದ್ಯಾನಿಲಯದ ಈವ್ ವಾನ್ ಕೌಟರ್ ಮತ್ತು ಸಂಗಡಿಗರು 11 ಮಂದಿ ಆರೋಗ್ಯವಂತ ತರುಣರಿಗೆ 6 ರಾತ್ರಿಗಳ ಕಾಲ ದಿನಕ್ಕೆ 4 ಗಂಟೆ ಮಾತ್ರ ಮಲಗಲು ಅವಕಾಶ ಕೊಟ್ಟು ಪರೀಕ್ಷಿಸಿದ ಫಲವನ್ನು 1999ರಲ್ಲಿ ಪ್ರಕಟಿಸಿದರು. ಚುಚ್ಚಿದ ಗ್ಲೂಕೋಸನ್ನು ರಕ್ತದಿಂದ ತೆರವು ಮಾಡುವ ವೇಗ ಶೇಕಡ 40ರಷ್ಟು ಕುಗ್ಗಿತ್ತು. 2008ರಲ್ಲಿ ಎಸ್ರಾ ತಸಾಲಿ ಮತ್ತು ಅದೇ ತಂಡದವರು ವರದಿಮಾಡಿದ ಪ್ರಯೋಗವಂತೂ ಇನ್ನೂ ಸೊಗಸಾದುದು. ಗಾಢನಿದ್ರೆಯಲ್ಲಿ ಮಿದುಳಿನ ವಿದ್ಯುತ್ತರಂಗಗಳು ಸೆಕೆಂಡಿಗೆ 4ಕ್ಕಿಂತಲೂ ಕಡಮೆಯಾಗಿ, ದೊಡ್ಡದಾಗಿ ಏಳುತ್ತವೆ. ಈ ಅಲೆಗಳು ಕಂಡಾಗಲೆಲ್ಲ ಹಾಸಿಗೆಯ ಬಳಿ ಶಬ್ದಮಾಡಿ, ಮಲಗಿದವರು ಎಚ್ಚರಗೊಳ್ಳದಂತೆ, ಆದರೆ ನಿದ್ರೆ ತೆಳುವಾಗುವಂತೆ ಮಾಡಲಾಯಿತು. ನಿದ್ರೆಯ ಗಂಟೆಗಳು ಕಡಮೆಯಾಗಲಿಲ್ಲ. ಆಳ ಮಾತ್ರ ಹೋಯಿತು. ಮೂರೇ ರಾತ್ರಿಗಳಲ್ಲಿ, ಇನ್ಸುಲಿನ್ನಿಗೆ ಅವರ ದೇಹ ಓಗೊಡುವ ಗುಣ ಶೇಕಡ 25ರಷ್ಟು ತಗ್ಗಿತು! ಇವರು ಕೇವಲ 9 ಮಂದಿ, ಎಲ್ಲರೂ ಆರೋಗ್ಯವಂತರು. ಈ ಅಂಕಿಯನ್ನು ಹಾಗೆಯೇ ಮಧುಮೇಹಿಗಳಿಗೆ ಅನ್ವಯಿಸುವುದು ಶಾಸ್ತ್ರೀಯವಲ್ಲ. ಆದರೂ "ಎಂಟು ಗಂಟೆ ಮಲಗಿದ್ದೆ" ಎಂಬ ಸಮಾಧಾನ ಸಾಲದೆಂಬುದು ಇದರಿಂದ ಸ್ಪಷ್ಟ.

ಎಂಟು ಗಂಟೆ ಮಲಗಿಯೂ ಹಗಲಿನಲ್ಲಿ ತೂಕಡಿಸುವವರು ಮನೆಯವರನ್ನು ತಮ್ಮ ಗೊರಕೆಯ ವಿಚಾರ ಕೇಳಬೇಕು. ಗಂಟಲಿನ ದಾರಿ ಮುಚ್ಚಿ, ಉಸಿರು ಹತ್ತು ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಕಾಲ ನಿಂತು, ಮತ್ತೆ ಸದ್ದಿನೊಡನೆ ಹೊರಡುವ ಸ್ಥಿತಿಯೊಂದುಂಟು. ಸ್ಥೂಲಕಾಯದ ಮಧುಮೇಹಿಗಳಲ್ಲಿ ಇದು ಅಪರೂಪವಲ್ಲ. ಮಲಗಿದವರಿಗೆ ಇದರ ಅರಿವೇ ಇರುವುದಿಲ್ಲ. ಇದಕ್ಕೆ ಚಿಕಿತ್ಸೆಯಿದೆ. ಆದರೆ ವೈದ್ಯರಿಗೆ ತಿಳಿಸದೆ ನಿದ್ರೆಯ ಗುಳಿಗೆ ನುಂಗಿದರೆ, ಕೆಲವು ಗುಳಿಗೆಗಳು ಗಂಟಲಿನ ಸ್ನಾಯುಗಳನ್ನು ಮತ್ತಷ್ಟು ಸಡಿಲಿಸಿ ಉಸಿರಿನ ದಾರಿಯನ್ನೇ ಕಿರಿದುಮಾಡಬಲ್ಲವು.