ಒಣಹಣ್ಣು ಹೊರದೇಶಕ್ಕೆ: ಯಾವ ಸರ್ಟಿಫಿಕೇಟು ಮೊದಲು?



ಮೇ ತಿಂಗಳು ಬಂತೆಂದರೆ ಕಾರವಾರ, ಅಂಕೋಲಾದ ಅಂಗಳಗಳಲ್ಲಿ ಮುರುಗಲ ಸಿಪ್ಪೆ ಒಣಗುತ್ತಿರುತ್ತದೆ. ವ್ಯಾಪಾರಿ ಹೇಳಿದ ದರಕ್ಕೆ ತೂಗಿ ಕೊಟ್ಟುಬಿಡುತ್ತೇವೆ. "ಸಿಸ್ಟರ್, ನಾವೇ ದುಬೈಗೆ ಕಳಿಸಬಾರದಾ?" ಅಂತ ಸಭೆಗಳಲ್ಲಿ ಕೇಳುತ್ತೀರಿ. ಕಳಿಸಬಹುದು. ಆದರೆ ಸರ್ಟಿಫಿಕೇಟಿನ ಹೆಸರಲ್ಲಿ ದುಡ್ಡು ಕಳಕೊಂಡವರನ್ನೂ ನಾವು ನೋಡಿದ್ದೇವೆ. ಒಂದು ಸಂಘದವರು ಏಜೆಂಟನ ಮಾತು ನಂಬಿ, ಉಳಿತಾಯದ ಹಣ ತೆಗೆದು ದೊಡ್ಡದೊಂದು ಸರ್ಟಿಫಿಕೇಟು ಮಾಡಿಸಿ ಗೋಡೆಗೆ ತೂಗುಹಾಕಿದರು. ಖರೀದಿದಾರ ಅದನ್ನು ನೋಡಲೂ ಇಲ್ಲ. ಕೇಳಿದ್ದು ಲ್ಯಾಬ್ ರಿಪೋರ್ಟು. ಆಗ ನಮಗೂ ಗೊತ್ತಿರಲಿಲ್ಲ, ತಡೆಯಲಿಲ್ಲ.

ಆದ್ದರಿಂದ ಮೊದಲು ಕೇಳಬೇಕಾದ್ದು: ಯಾವ ಪದಾರ್ಥ, ಯಾವ ದೇಶಕ್ಕೆ, ಯಾರ ಹೆಸರಲ್ಲಿ ಹೋಗ್ತದೆ?

2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಎಫ್.ಎಸ್.ಎಸ್.ಎ.ಐ. ಎಲ್ಲರಿಗೂ ಬೇಕು. ಸಣ್ಣ ಘಟಕಕ್ಕೆ ನೋಂದಣಿ, ದೊಡ್ಡದಕ್ಕೆ ಲೈಸೆನ್ಸು. ಅದರ 14 ಅಂಕಿಯ ನಂಬರು ಪ್ಯಾಕೆಟ್ಟಿನ ಮೇಲಿರಬೇಕು. ಸಂಘವೇ ರಫ್ತು ಮಾಡುವುದಾದರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಐ.ಇ.ಸಿ. ಬೇಕು. ಇದು ಪಾನ್ ನಂಬರಿನ ಮೇಲೆ ಸಿಗ್ತದೆ. ಬದಲಾವಣೆ ಏನೂ ಇಲ್ಲದಿದ್ದರೂ ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ಆನ್‌ಲೈನ್‌ನಲ್ಲಿ ಖಚಿತಪಡಿಸಬೇಕು. ಮರೆತರೆ ನಿಂತುಹೋಗ್ತದೆ.

ಎಡವುವುದು ಇನ್ನು ಮುಂದೆ. ಮುರುಗಲು ನಮಗೆ ಹಣ್ಣು, ಕಾಯ್ದೆಗೆ ಸಾಂಬಾರ ಪದಾರ್ಥ! ಕೊಚ್ಚಿಯ ಸಾಂಬಾರ ಮಂಡಳಿಯ ಪಟ್ಟಿಯಲ್ಲಿ ಕೋಕಂ ಇದೆ. ಹಾಗಾಗಿ ಒಣಸಿಪ್ಪೆ ರಫ್ತು ಮಾಡುವವರು ಅಲ್ಲಿ ನೋಂದಾಯಿಸಬೇಕು. ಮಾವಿನ ಮಾಂಬಳ, ಬಾಳೆಯ ಸುಕೇಳಿ, ಒಣಗಿಸಿದ ಹಲಸಿನ ತೊಳೆ ಅಪೇಡಾಕ್ಕೆ ಸೇರಿದವು. ಏಜೆಂಟರಲ್ಲೇ ಎಷ್ಟೋ ಜನರಿಗೆ ಈ ವ್ಯತ್ಯಾಸ ಗೊತ್ತಿಲ್ಲ.

"ನಮ್ಮದು ಬೆಟ್ಟದ ಮರ, ಗೊಬ್ಬರವನ್ನೇ ಹಾಕುವುದಿಲ್ಲ, ಸಾವಯವ ಅಂತ ಬರೆದರೇನು?" ಸರ್ಟಿಫಿಕೇಟು ಇಲ್ಲದೆ ಬರೆಯುವ ಹಾಗಿಲ್ಲ. ಖರ್ಚು ಕಡಿಮೆಯ ಪಿ.ಜಿ.ಎಸ್. ದೇಶದೊಳಗೆ ಮಾತ್ರ ನಡೆಯುತ್ತದೆ. ರಫ್ತಿಗೆ ಎನ್.ಪಿ.ಒ.ಪಿ. ಬೇಕು, ಅಮೆರಿಕಕ್ಕೆ ಅದೂ ಸಾಲದು, ಅವರದೇ ಪ್ರಮಾಣಪತ್ರ ಬೇಕು. ವರ್ಷ ವರ್ಷ ತಪಾಸಣೆ, ವರ್ಷ ವರ್ಷ ಖರ್ಚು. ಹೆಚ್ಚಿನ ದರ ಕೊಡ್ತೇನೆ ಅಂತ ಖರೀದಿದಾರ ಬರೆದು ಕೊಡುವ ತನಕ ಇದಕ್ಕೆ ಕೈಹಾಕಬೇಡಿ. ಹಲಾಲ್, ಐ.ಎಸ್.ಒ. ವಿಷಯದಲ್ಲೂ ನಮ್ಮ ಮಾತು ಇದೇ.

ಹೆಸರಿನ ಬಗ್ಗೆಯೂ ಎಚ್ಚರ. ಅಂಕೋಲಾದ ಕರಿ ಇಶಾಡ ಮಾವಿಗೆ 2023ರಲ್ಲಿ ಜಿ.ಐ. ಮಾನ್ಯತೆ ಸಿಕ್ಕಿದ್ದು ಸಂತೋಷ. ಆದರೆ ಜಿ.ಐ. ಗುರುತು ಹಾಕಬೇಕಾದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಬೇಕು. ಚೆನ್ನಾಗಿ ಮಾರಾಟ ಆಗ್ತದೆ ಅಂತ ನಮ್ಮ ಸಿಪ್ಪೆಗೆ "ರತ್ನಾಗಿರಿ ಕೋಕಂ" ಅಂತ ಅಚ್ಚು ಹಾಕಿಸಬೇಡಿ. ಅದು ಅವರ ನೋಂದಾಯಿತ ಹೆಸರು.

ಬಣ್ಣ ಉಳಿಯಲಿ ಅಂತ ಹಣ್ಣಿಗೆ ಗಂಧಕದ ಹೊಗೆ ಕೊಡುವವರಿದ್ದಾರೆ. ಕಿಲೋಗೆ 10 ಮಿಲಿಗ್ರಾಂಗಿಂತ ಹೆಚ್ಚು ಸಲ್ಫೈಟ್ ಇದ್ದರೆ ಯುರೋಪು, ಅಮೆರಿಕಗಳಲ್ಲಿ ಲೇಬಲಿನ ಮೇಲೆ ಹೇಳಲೇಬೇಕು. ಉಪ್ಪು ಹಾಕಿದ್ದರೆ ಉಪ್ಪನ್ನೂ ಬರೆಯಿರಿ. ಇನ್ನು ನೆಲದ ಮೇಲೆ ಒಣಗಿಸಿ, ಕೋಳಿ ಓಡಾಡಿದ ಸಿಪ್ಪೆಗೆ ಯಾವ ಸರ್ಟಿಫಿಕೇಟು ತಂದರೂ ಪ್ರಯೋಜನವಿಲ್ಲ. ಬಿಸಿಲಿಗೆ ಎತ್ತರದ ತಟ್ಟೆ, ಮೇಲೆ ಬಲೆ, ಇಷ್ಟು ಮೊದಲು ಮಾಡೋಣ.

ನಮ್ಮ ಸಲಹೆ: ಮೊದಲ ಒಂದೆರಡು ವರ್ಷ ರಫ್ತುದಾರರ ಮೂಲಕವೇ ಕೊಡಿ. ಐ.ಇ.ಸಿ., ಮಂಡಳಿಯ ನೋಂದಣಿ, ಲೋಡು ಲೋಡಿಗೆ ಬೇಕಾಗುವ ಸಸ್ಯ ಆರೋಗ್ಯ ಪತ್ರ ಎಲ್ಲ ಅವರ ಜವಾಬ್ದಾರಿ. ನಮ್ಮ ಕಡೆಯಿಂದ ಎಫ್.ಎಸ್.ಎಸ್.ಎ.ಐ., ಎನ್.ಎ.ಬಿ.ಎಲ್. ಮಾನ್ಯತೆಯ ಲ್ಯಾಬಿನ ರಿಪೋರ್ಟು, ಮತ್ತೆ ಒಂದು ಬ್ಯಾಚ್ ಪುಸ್ತಕ. ಯಾರ ಮನೆಯ ಹಣ್ಣು, ಯಾವ ದಿನ ಕೊಯ್ದದ್ದು, ಎಷ್ಟು ಬಿಸಿಲು, ಎಷ್ಟು ಕಿಲೋ ಅಂತ ಅದರಲ್ಲಿ ಬರೆದಿಡಿ. ಸಾಲದ ಪುಸ್ತಕ ಬರೆಯುವವರಿಗೆ ಇದೇನೂ ಕಷ್ಟವಲ್ಲ.